ಅರವತ್ತು ಹೋಳು, ಒಂದೇ ಮುಖ

“ಬಿಸ್ಕತ್ತು ಮಾಡೋದೇನು ದೊಡ್ಡ ವಿದ್ಯೆ ಅಲ್ಲ. ಬರೀ ಅಳತೆಯ ಕೆಲಸ. ಅಳತೆ ಸರಿಯಾಗಿದ್ರೆ ಬಿಸ್ಕತ್ತು ತಾನಾಗೇ ಆಗುತ್ತೆ. ನನ್ನ ಕೈಗೆ ಬಿಟ್ಟುಬಿಡು!”

ಹನಾವೊಕ ಮೊರಿಹಿಸ ಗುರುವಾರ ಊಟಕ್ಕೆ ಕೂತಾಗ ಮಾಡಿದ ಪ್ರತಿಜ್ಞೆ ಇದು. ಅವನ ಹೆಂಡತಿ ಸಾತ್ಸುಕಿ ಸಾರಿನ ಬಟ್ಟಲನ್ನು ತುಟಿಯಿಂದ ಇಳಿಸಿ ಗಂಡನನ್ನು ಒಮ್ಮೆ ದಿಟ್ಟಿಸಿ ನೋಡಿದಳು.

“ಹೋದ ತಿಂಗಳು ಮೊಟ್ಟೆ ಬೇಯಿಸೋಕೆ ಹೋಗಿ ಪಾತ್ರೆ ತಳ ಸುಟ್ಟಿರಲ್ಲ, ಆಗ ಅಳತೆ ಎಲ್ಲಿಗೆ ಹೋಗಿತ್ತು?”

“ಅದು ನೀರಿನ ತಪ್ಪು. ಹೇಳದೆ ಕೇಳದೆ ಆವಿಯಾಗಿ ಹೋಯ್ತು.”

ಮೊರಿಹಿಸನ ಜಂಬಕ್ಕೆ ಕಾರಣವಿತ್ತು. ಸುವಾ ಸರೋವರದ ದಂಡೆಯ ಒಕಾಯಾ ಊರಿನಲ್ಲಿ, ಗಡಿಯಾರದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಅವನು ತಪಾಸಣೆ ವಿಭಾಗದವನು. ಕೂದಲೆಳೆಗಿಂತ ಸಣ್ಣ ತಪ್ಪನ್ನೂ ಹಿಡಿದು, ಇಡೀ ಪೆಟ್ಟಿಗೆಗೆ ‘ತಿರಸ್ಕೃತ’ ಎಂದು ಕೆಂಪು ಮುದ್ರೆ ಒತ್ತುವುದು ಅವನ ಕೆಲಸ. ಹಳೆಯ ಶಾಖೆಯಿಂದ ಹಿಡಿದು ಹದಿನಾರು ವರ್ಷದಿಂದ ಎಷ್ಟು ಮುದ್ರೆ ಒತ್ತಿದ್ದನೆಂದರೆ, ಕಾರ್ಖಾನೆಯ ಊಟದ ಮನೆಯಲ್ಲಿ ಅವನ ಪಕ್ಕದ ಕುರ್ಚಿ ಸಾಮಾನ್ಯವಾಗಿ ಖಾಲಿ ಇರುತ್ತಿತ್ತು.

ಆದರೆ ಈ ಪ್ರತಿಜ್ಞೆಗೆ ಜಂಬಕ್ಕಿಂತ ದೊಡ್ಡ ಕಾರಣ ಮಗಳು ಇರೊಹಾ. ವಯಸ್ಸು ಐದು. ಅಪ್ಪನಿಗೆ ವರ್ಗವಾಗಿ ಹಮಾಮಾತ್ಸುವಿನಿಂದ ಈ ಚಳಿ ಊರಿಗೆ ಬಂದು ನಾಲ್ಕು ತಿಂಗಳಾಗಿತ್ತು. ಆ ನಾಲ್ಕು ತಿಂಗಳಲ್ಲಿ ಹುಡುಗಿ ಶಿಶುವಿಹಾರದಲ್ಲಿ ಒಂದು ಮಾತೂ ಆಡಿರಲಿಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಿದ್ದಳು. ಹಾಡು ಹೇಳಿಸಿದರೆ ಬಾಯಿ ತೆರೆಯುತ್ತಿದ್ದಳು, ದನಿ ಬರುತ್ತಿರಲಿಲ್ಲ. ತರಗತಿಯ ಟೀಚರ್ ಮೊಮೊಸೆ ಸೆನ್ಸೇ ಬೊಂಬೆ ಆಡಿಸಿ ನೋಡಿದಳು, ಮೊಲ ತೋರಿಸಿ ನೋಡಿದಳು. ಮೊಲಕ್ಕೂ ಇರೊಹಾಳಿಗೂ ಒಳ್ಳೆ ಜೋಡಿಯಾಯಿತು. ಇಬ್ಬರೂ ಮಾತಾಡುತ್ತಿರಲಿಲ್ಲ.

ಅಂಥ ಹುಡುಗಿ ಆ ಗುರುವಾರ ಬಾಯಿ ಬಿಟ್ಟಿದ್ದಳು! ಭಾನುವಾರ ಶಿಶುವಿಹಾರದಲ್ಲಿ ಚಳಿಗಾಲದ ಸಂತೆ, ಮನೆಮನೆಯಿಂದ ತಿಂಡಿ ಮಾಡಿ ತರಬೇಕು. ಯಾರು ಏನು ತರುತ್ತೀರಿ ಎಂದು ಟೀಚರ್ ಕೇಳಿದಾಗ ಇರೊಹಾ ಎದ್ದು ನಿಂತು, “ನಮ್ಮಪ್ಪ ಕುಮಪ್ಪಿ ಬಿಸ್ಕತ್ತು ಮಾಡ್ತಾರೆ” ಎಂದು ಹೇಳಿ ಕೂತಳಂತೆ. ಮೊಮೊಸೆ ಸೆನ್ಸೇ ಅದನ್ನು ಮನೆಗೆ ಫೋನ್ ಮಾಡಿ ಎರಡೆರಡು ಸಲ ಹೇಳಿದಳು.

ಕುಮಪ್ಪಿ ಎಂದರೆ ದಿನಾ ಸಂಜೆ ಟೀವಿಯಲ್ಲಿ ಬರುವ ಕಾರ್ಟೂನ್ ಕರಡಿ ಮರಿ. ದುಂಡು ಮುಖ, ಎರಡು ದುಂಡು ಕಿವಿ, ಎರಡು ದುಂಡು ಕಣ್ಣು, ಕಿವಿಯಿಂದ ಕಿವಿಗೆ ನಗು. ಇರೊಹಾಳ ಚೀಲ, ಕಾಲುಚೀಲ, ಹಲ್ಲುಜ್ಜುವ ಬ್ರಷ್ಷು ಎಲ್ಲದರ ಮೇಲೂ ಅವನೇ. ಅವಳ ಅಪ್ಪ ಕುಮಪ್ಪಿ ಬಿಸ್ಕತ್ತು ಮಾಡುತ್ತಾನೆಂಬ ಸುದ್ದಿ ಅವಳ ಅಪ್ಪನಿಗೂ ಆವತ್ತೇ ತಿಳಿದದ್ದು.

“ಅಚ್ಚು ಸಿಗುತ್ತೆ ರೀ, ನಕ್ಷತ್ರದ ಅಚ್ಚು. ಒತ್ತಿ ಬೇಯಿಸಿಬಿಡೋಣ” ಎಂದಳು ಸಾತ್ಸುಕಿ.

“ಕುಮಪ್ಪಿ ಅಂತ ಹೇಳಿದಾಳೆ ಮಗು. ನಕ್ಷತ್ರ ತಗೊಂಡು ಹೋದ್ರೆ ಅವಳು ಸುಳ್ಳಿ ಆಗಲ್ವಾ? ಇನ್ನು ಮದುವೆ ಆಗೋವರೆಗೂ ಬಾಯಿ ಬಿಡಲ್ಲ, ನೋಡ್ತಾ ಇರು.”

ಸಾತ್ಸುಕಿ ತಲೆಯಾಡಿಸಿದಳು. ಆ ಮಾತಿನಲ್ಲಿ ಸತ್ಯವಿತ್ತು.

ಮೊರಿಹಿಸ ಆರಿಸಿಕೊಂಡ ವಿಧಾನವೂ ಅವನ ಸ್ವಭಾವಕ್ಕೆ ತಕ್ಕದ್ದೇ. ಒಂದೊಂದೇ ಬಿಸ್ಕತ್ತಿಗೆ ಕಣ್ಣು ಮೂಗು ಅಂಟಿಸುವುದಲ್ಲ. ಬಿಳಿ ಹಿಟ್ಟಿನ ದಪ್ಪ ಉರುಳೆಯೊಂದರೊಳಗೆ ಕೋಕೋ ಹಿಟ್ಟಿನ ಕಡ್ಡಿಗಳನ್ನು ಈ ತುದಿಯಿಂದ ಆ ತುದಿಯವರೆಗೆ ಹಾಯಿಸಬೇಕು. ಎರಡು ಕಡ್ಡಿ ಕಣ್ಣು, ಒಂದು ಕಡ್ಡಿ ಮೂಗು, ಬಾಗಿಸಿದ ಒಂದು ಪಟ್ಟಿ ಬಾಯಿ, ಮೇಲೆ ಎರಡು ದಪ್ಪ ಕಡ್ಡಿ ಕಿವಿ. ಉರುಳೆಯನ್ನು ಚಳಿಯಲ್ಲಿಟ್ಟು ಗಟ್ಟಿ ಮಾಡಿ ಹೋಳು ಹೋಳಾಗಿ ಕತ್ತರಿಸಿದರೆ, ಎಲ್ಲಿ ಕತ್ತರಿಸಿದರೂ ಅದೇ ಮುಖ!

“ಒಂದು ಸಲ ಸರಿಯಾಗಿ ಜೋಡಿಸಿದ್ರೆ ಆಯ್ತು. ಅರವತ್ತಕ್ಕೆ ಅರವತ್ತೂ ಸರಿ” ಎಂದ.

“ಒಂದು ಸಲ ತಪ್ಪಾಗಿ ಜೋಡಿಸಿದ್ರೆ?”

ಮೊರಿಹಿಸ ಆಗಲೇ ಗ್ರಾಫ್ ಕಾಗದ ಹುಡುಕಲು ಎದ್ದು ಹೋಗಿದ್ದ.

ಶನಿವಾರ ಬೆಳಿಗ್ಗೆ ಸಾತ್ಸುಕಿ ತಾನು ಕೆಲಸ ಮಾಡುವ ಹಲ್ಲಿನ ಆಸ್ಪತ್ರೆಗೆ ಹೊರಟಳು. ಮಧ್ಯಾಹ್ನದವರೆಗೆ ಅಡುಗೆಮನೆ ಗಂಡನದು. ಅವನು ಏಪ್ರನ್ ಕಟ್ಟಿದ. ಗ್ರಾಫ್ ಕಾಗದದ ಮೇಲೆ ಕುಮಪ್ಪಿಯ ಮುಖವನ್ನು ಕೈವಾರ ಇಟ್ಟು ಬರೆದು, ಕಣ್ಣಿಂದ ಕಣ್ಣಿಗೆ ದೂರ, ಕಿವಿಯ ವ್ಯಾಸ, ನಗುವಿನ ಬಾಗು ಎಲ್ಲವನ್ನೂ ಅಂಕಿಯಲ್ಲಿ ಬರೆದು ಗೋಡೆಗೆ ಅಂಟಿಸಿದ. ಉರುಳೆ ಮೂವತ್ತೆರಡು ಸೆಂಟಿಮೀಟರ್ ಉದ್ದ, ಹೋಳು ಐದು ಮಿಲಿಮೀಟರ್ ದಪ್ಪ. ಅರವತ್ತು ಸಂತೆಗೆ, ನಾಲ್ಕು ತಪಾಸಣೆಗೆ. ಪಕ್ಕದಲ್ಲಿ ವರ್ನಿಯರ್ ಕ್ಯಾಲಿಪರನ್ನು ಸ್ಪಿರಿಟ್ಟಿನಿಂದ ಒರೆಸಿ ಇಟ್ಟ. ಅಡುಗೆಮನೆ ಆಪರೇಷನ್ ಕೋಣೆಯ ಹಾಗೆ ಕಾಣುತ್ತಿತ್ತು.

ಪಾಕವಿಧಾನದ ಮೊದಲ ಸಾಲಿನಲ್ಲೇ ತೊಡಕು. ಬೆಣ್ಣೆಯನ್ನು ಕೋಣೆಯ ಉಷ್ಣತೆಯಲ್ಲಿಟ್ಟು ಮೆತ್ತಗೆ ಮಾಡಿಕೊಳ್ಳಿ ಎಂದಿತ್ತು. ಫೆಬ್ರವರಿಯಲ್ಲಿ ಒಕಾಯಾದ ಕೋಣೆಯ ಉಷ್ಣತೆ ಏಳು ಡಿಗ್ರಿ. ಅರ್ಧ ಗಂಟೆ ಕಾದರೂ ಬೆಣ್ಣೆ ಇಟ್ಟಿಗೆಯ ಹಾಗೇ ಇತ್ತು. ಮೊರಿಹಿಸ ಯೋಚನೆ ಮಾಡಿ ಬೆಣ್ಣೆಯ ಬಟ್ಟಲನ್ನು ಕೊತಾತ್ಸುವಿನ ಒಳಗೆ, ಅಂದರೆ ರಜಾಯಿ ಹೊದಿಸಿ ಒಳಗೆ ಹೀಟರ್ ಉರಿಯುವ ಆ ಕುಳ್ಳ ಮೇಜಿನ ಕೆಳಗೆ, ತಳ್ಳಿದ. ತಾನೂ ಕಾಲು ಚಾಚಿಕೊಂಡು ಕೂತು ವಿಧಾನವನ್ನು ಇನ್ನೊಮ್ಮೆ ಓದತೊಡಗಿದ. ಕೊತಾತ್ಸುವಿನೊಳಗೆ ಕಾಲಿಟ್ಟ ಯಾವ ಮನುಷ್ಯ ಹೇಳಿದ ಹೊತ್ತಿಗೆ ಎದ್ದಿದ್ದಾನೆ? ಕಣ್ಣು ಬಿಟ್ಟಾಗ ಮುಕ್ಕಾಲು ಗಂಟೆ ಕಳೆದು, ಬಟ್ಟಲಿನಲ್ಲಿ ಹಳದಿ ಎಣ್ಣೆ ತುಳುಕುತ್ತಿತ್ತು.

“ಅಪ್ಪಾ, ಬೆಣ್ಣೆ ನೀರಾಯ್ತು” ಎಂದಳು ಇರೊಹಾ.

“ಮೆತ್ತಗಾಗಿದೆ ಅಷ್ಟೇ” ಎಂದ ಅಪ್ಪ.

ಸಕ್ಕರೆ ಪುಡಿ, ಮೊಟ್ಟೆಯ ಹಳದಿ, ಮೈದಾ ಎಲ್ಲವನ್ನೂ ಗ್ರಾಮಿನ ಲೆಕ್ಕದಲ್ಲಿ ತೂಗಿ ಹಾಕಿದ. ಹಿಟ್ಟು ಮಾತ್ರ ಕೈಗೆ ಒಂದು ಥರ ಜೋಲುತ್ತಿತ್ತು. ಕಡ್ಡಿ ಹೊಸೆದು ಕ್ಯಾಲಿಪರಿನಲ್ಲಿ ಹಿಡಿದರೆ ಎಂಟು ಮಿಲಿಮೀಟರ್ ಸರಿಯಾಗಿ ತೋರಿಸುತ್ತಿತ್ತು. ಆದರೆ ಕ್ಯಾಲಿಪರ್ ತೆಗೆದ ಮೇಲೆ ಕಡ್ಡಿ ನಿಧಾನವಾಗಿ ಮೈ ಚೆಲ್ಲಿ ಒಂಬತ್ತಾಗುತ್ತಿತ್ತು. ಮತ್ತೆ ಹೊಸೆ, ಮತ್ತೆ ಅಳೆ. ಇಷ್ಟರ ನಡುವೆ ಇರೊಹಾ, “ನಾನೂ ಮಾಡ್ತೀನಿ, ನಾನೂ ಮಾಡ್ತೀನಿ” ಎಂದು ಏಪ್ರನ್ನು ಎಳೆಯುತ್ತಿದ್ದಳು. ಅವಳ ಕೈಗೆ ಒಂದು ಚೂರು ಕೋಕೋ ಹಿಟ್ಟು ಕೊಟ್ಟು ಕೂರಿಸಿದ.

ಅಂತೂ ಹನ್ನೊಂದೂವರೆಗೆ ಉರುಳೆ ಸಿದ್ಧವಾಯಿತು. ತುದಿಯನ್ನು ಬಗ್ಗಿ ನೋಡಿದರೆ, ಆಹಾ, ಸಾಕ್ಷಾತ್ ಕುಮಪ್ಪಿ! ಕಣ್ಣು ಕಣ್ಣಿನ ಜಾಗದಲ್ಲಿ, ನಗು ನಗುವಿನ ಜಾಗದಲ್ಲಿ. ಮೊರಿಹಿಸ ಪ್ಲಾಸ್ಟಿಕ್ ಹಾಳೆ ಹುಡುಕಿ ತಂದು ಅದನ್ನು ಹಸುಗೂಸಿನ ಹಾಗೆ ಸುತ್ತಿ ಫ್ರೀಜರ್ ಬಾಗಿಲು ತೆಗೆದ. ಒಳಗೆ ಅನ್ನದ ಉಂಡೆಗಳು, ಮೀನು, ಅತ್ತೆ ಕಳಿಸಿದ ಅಣಬೆ. ಮೂವತ್ತೆರಡು ಸೆಂಟಿಮೀಟರಿಗೆ ಎಲ್ಲೂ ಜಾಗವಿಲ್ಲ.

ಆದರೆ ಒಕಾಯಾದಲ್ಲಿ ಫ್ರೀಜರ್ ಯಾಕೆ ಬೇಕು? ಮೂರನೇ ಮಹಡಿಯ ಮನೆ, ಹೊರಗೆ ಬಾಲ್ಕನಿ, ಬಾಲ್ಕನಿಯಲ್ಲಿ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗೆ! ಉರುಳೆಯನ್ನು ಹಲಗೆಯ ಮೇಲೆ ಮಲಗಿಸಿದ. ಎದುರಿನ ತಂತಿಯ ಮೇಲೆ ಕಾಗೆಯೊಂದು ಕೂತು ತಲೆ ಓರೆ ಮಾಡಿ ನೋಡಿತು. ಮೊರಿಹಿಸ ಉರುಳೆಯ ಮೇಲೆ ಇನ್ನೊಂದು ಹಲಗೆ ಮುಚ್ಚಿದ. ಸರೋವರದ ಕಡೆಯಿಂದ ಗಾಳಿ ಬಂದು ಹಲಗೆ ಅಲುಗಿತು. ಬಾಲ್ಕನಿಯ ಮೂಲೆಯಲ್ಲಿ ನೊಜಾವನಾ ಸೊಪ್ಪನ್ನು ಉಪ್ಪಿನಲ್ಲಿ ಅದುಮಿಟ್ಟ ಪೀಪಾಯಿ, ಅದರ ಮೇಲೆ ನಾಲ್ಕು ಕಿಲೋ ಕಲ್ಲು. ಆ ಕಲ್ಲನ್ನು ಎತ್ತಿ ಹಲಗೆಯ ಮೇಲಿಟ್ಟ. ಕಾಗೆ ನಿರಾಶೆಯಿಂದ ಹಾರಿಹೋಯಿತು. ಮೊರಿಹಿಸ ಕೈ ಝಾಡಿಸಿಕೊಂಡು ಒಳಗೆ ಬಂದ. ಹಿಟ್ಟು ಇನ್ನೂ ಗಟ್ಟಿಯಾಗಿಲ್ಲ, ಮೆತ್ತಗಿನ ಹಿಟ್ಟಿನ ಮೇಲೆ ನಾಲ್ಕು ಕಿಲೋ ಇಟ್ಟರೆ ಏನಾಗುತ್ತದೆಂಬ ಲೆಕ್ಕ ಮಾತ್ರ ಹದಿನಾರು ವರ್ಷದ ತಪಾಸಣೆಗಾರನಿಗೆ ಹೊಳೆಯಲಿಲ್ಲ.

ಒಂದು ಗಂಟೆಯ ನಂತರ ಕಲ್ಲು ತೆಗೆದು ನೋಡಿದರೆ ಉರುಳೆ ಚಪ್ಪಡಿಯಾಗಿತ್ತು.

ಬೆರಳಿನಿಂದ ಒತ್ತಿ ನೋಡಿದ, ಮೇಲೆ ಗಟ್ಟಿಯಾಗಿತ್ತು. ಆದರೆ ಒಳಗೆ ಇನ್ನೂ ಸ್ವಲ್ಪ ಮೆತ್ತಗಿತ್ತು. ಎರಡೂ ಪಕ್ಕದಿಂದ ಅಂಗೈಯಲ್ಲಿ ಒತ್ತಿ ಒತ್ತಿ ಮತ್ತೆ ದುಂಡಗೆ ಮಾಡಿದ. ಕ್ಯಾಲಿಪರ್ ಇಟ್ಟು ನೋಡಿದ. ವ್ಯಾಸ ಐವತ್ತೈದು ಮಿಲಿಮೀಟರ್, ನಕ್ಷೆಯಲ್ಲಿದ್ದಷ್ಟೇ! ಸಮಾಧಾನದ ಉಸಿರು ಬಿಟ್ಟು ಮತ್ತೆ ಹೊರಗಿಟ್ಟ, ಈ ಸಲ ಕಲ್ಲಿಲ್ಲದೆ. ಕಾಗೆ ಬಾರದಂತೆ ತಾನೇ ನಿಂತು ಕಾದ. ಹೊರಗಿನಿಂದ ದುಂಡಗಿರುವುದು ಒಳಗೂ ನೆಟ್ಟಗಿರುತ್ತದೆ ಎಂದು ಅವನು ಬೇರೆ ಯಾವ ವಸ್ತುವಿನ ವಿಷಯದಲ್ಲೂ ನಂಬಿದವನಲ್ಲ.

ಸಾತ್ಸುಕಿ ಮನೆಗೆ ಬಂದಾಗ ಅವನು ಚಾಕು ಹಿಡಿದು ನಿಂತಿದ್ದ.

“ಸರಿಯಾದ ಹೊತ್ತಿಗೆ ಬಂದೆ. ನೋಡು!” ಎಂದು ಮೊದಲ ಹೋಳು ಕತ್ತರಿಸಿ ಅಂಗೈಯಲ್ಲಿಟ್ಟು ಚಾಚಿದ.

ಸಾತ್ಸುಕಿ ನೋಡಿದಳು. ಕೋಟು ಬಿಚ್ಚದೆ ನೋಡಿದಳು. “ಯಾರಿವರು?” ಎಂದಳು.

“ಯಾರು ಅಂದ್ರೆ? ಕುಮಪ್ಪಿ!”

“ಇದು ಕುಮಪ್ಪಿ ಅಲ್ಲ ರೀ, ಕೈತಪ್ಪಿ!”

ಮೊರಿಹಿಸ ಹೋಳನ್ನು ತನ್ನ ಕಡೆ ತಿರುಗಿಸಿಕೊಂಡ. ಕಲ್ಲಿನ ಭಾರಕ್ಕೆ ದುಂಡು ಕಣ್ಣು ಎರಡೂ ಅಪ್ಪಚ್ಚಿಯಾಗಿ ಗೆರೆಗಳಾಗಿದ್ದವು. ಗಲ್ಲ ಕೆಳಗಿನಿಂದ ಮೇಲಕ್ಕೆ ಒತ್ತಿದ್ದರಿಂದ ಬಾಯಿಯ ನಡುಭಾಗ ಮೇಲೆದ್ದು, ಎರಡು ತುದಿ ಕೆಳಗಿಳಿದು, ನಗು ಮುನಿಸಾಗಿತ್ತು. ಆಮೇಲೆ ಅವನು ಪಕ್ಕದಿಂದ ಒತ್ತಿದನಲ್ಲ, ಆಗ ಕಿವಿಗಳೆರಡೂ ಓಡಿಬಂದು ನೆತ್ತಿಯ ಮೇಲೆ ಒಂದಾಗಿ ತುರುಬು ಕಟ್ಟಿಕೊಂಡಿದ್ದವು. ಸಾಲದ್ದಕ್ಕೆ, ನಕ್ಷೆಯಲ್ಲಿ ಎಲ್ಲೂ ಇಲ್ಲದ ಒಂದು ಕಪ್ಪು ಚುಕ್ಕೆ ಗಲ್ಲದ ಎಡಗಡೆ ಕೂತಿತ್ತು.

“ಇದು ತುದಿಯ ಹೋಳು. ತುದಿ ಯಾವಾಗಲೂ ಹೀಗೇ” ಎಂದು ನಡುವಿನಲ್ಲಿ ಕತ್ತರಿಸಿದ. ಅದೇ ಮುಖ. ಇನ್ನೊಂದು ತುದಿಯಲ್ಲಿ ಕತ್ತರಿಸಿದ. ಅದೇ ಮುಖ, ಅದೇ ಮುನಿಸು. ಎಲ್ಲಿ ಕತ್ತರಿಸಿದರೂ ಒಂದೇ ಮುಖ ಬರಬೇಕೆಂಬುದು ಅವನದೇ ಷರತ್ತು!

“ತಿರುಗಿಸಿ ಇಟ್ಟರೆ? ಹಿಂದುಗಡೆ ಬರೀ ಬಿಳಿ ಇದ್ರೆ ಐಸಿಂಗಿನಲ್ಲಿ ಹೊಸ ಮುಖ ಬರೆಯಬಹುದು” ಎಂದಳು ಸಾತ್ಸುಕಿ, ಕನಿಕರಪಟ್ಟು.

ತಿರುಗಿಸಿದ. ಹಿಂದುಗಡೆಯಿಂದಲೂ ಅದೇ ಮುಖ ಅವನನ್ನು ನೋಡಿತು.

ಸಾತ್ಸುಕಿ ತುಟಿ ಕಚ್ಚಿಕೊಂಡಳು. “ಎಲ್ಲೋ ನೋಡಿದೀನಿ ರೀ ಈ ಮುಖಾನ. ಎಲ್ಲಿ ಅಂತ ಹೊಳೀತಾ ಇಲ್ಲ.”

ಬೆಣ್ಣೆ ಮುಗಿದಿತ್ತು. ಕೋಕೋ ಪುಡಿಯೂ ಮುಗಿದಿತ್ತು. ಮೊರಿಹಿಸ ಸೈಕಲ್ ಹತ್ತಿ ಮೂರು ಅಂಗಡಿ ಸುತ್ತಿಬಂದ. ಬರುವ ವಾರ ವ್ಯಾಲೆಂಟೈನ್ ದಿನ. ಊರಿನ ಹುಡುಗಿಯರೆಲ್ಲ ಹುಡುಗರಿಗೆ ಚಾಕಲೇಟು ಮಾಡಿಕೊಡಲು ಕೋಕೋ ಕೊಂಡು ಅಂಗಡಿ ಗುಡಿಸಿದ್ದರು. ಬೇರೆ ದಾರಿಯಿಲ್ಲದೆ ಅರವತ್ತನಾಲ್ಕನ್ನೂ ಬೇಯಿಸಿದ. ಓವನ್ನಿನ ಗಾಜಿನ ಹಿಂದೆ ಅರವತ್ತನಾಲ್ಕು ಮುಖಗಳು ಸರದಿಯ ಮೇಲೆ ಉಬ್ಬಿ, ಗಲ್ಲ ಇಳಿಬಿಟ್ಟುಕೊಂಡು ಹೊರಗೆ ಬಂದವು.

ಇನ್ನು ಉಳಿದದ್ದು ಅಲಂಕಾರ. ತೆಳ್ಳಗಿರುವ ಕಣ್ಣನ್ನು ದೊಡ್ಡದಾಗಿ ತೋರಿಸಲು ಬಿಳಿ ಸಕ್ಕರೆ ಐಸಿಂಗಿನಲ್ಲಿ ಕಣ್ಣಿನ ಸುತ್ತ ಉಂಗುರ ಬರೆದ. ಕೈ ಎತ್ತದೆ ಬರೆಯುತ್ತ ಹೋದಾಗ ಎರಡು ಉಂಗುರದ ನಡುವೆ ಗೆರೆಯೊಂದು ಎಳೆದುಕೊಂಡಿತು. ಕುಮಪ್ಪಿಗೆ ಕೆನ್ನೆ ಕೆಂಪು ಇರುತ್ತದಲ್ಲ ಎಂದು ಗುಲಾಬಿ ಬಣ್ಣದ ಚುಕ್ಕೆ ಇಟ್ಟ. ಚೂರಿಯ ತುದಿಯಲ್ಲಿ ಗಲ್ಲದ ಕಪ್ಪು ಚುಕ್ಕೆಯನ್ನು ಕೆರೆದು ನೋಡಿದ. ಕೆರೆದಷ್ಟೂ ಅದು ಒಳಗಿನಿಂದ ಇನ್ನೂ ಕಪ್ಪಗೆ ಬಂತು.

ಆಗ ಇರೊಹಾ ಅಡುಗೆಮನೆಗೆ ಬಂದಳು. ಮೇಜಿನ ಅಂಚಿಗೆ ಮೂಗು ತಾಗಿಸಿ ಬಿಸ್ಕತ್ತನ್ನು ನೋಡಿದಳು. ತಟ್ಟನೆ ಎರಡು ಹೆಜ್ಜೆ ಹಿಂದಕ್ಕೆ ಸರಿದು, ಕೈಗಳನ್ನು ಪಕ್ಕಕ್ಕೆ ನೆಟ್ಟಗೆ ಇಳಿಬಿಟ್ಟು, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದಳು.

ಗಂಡ ಹೆಂಡತಿ ಇಬ್ಬರೂ ಒಂದೇ ಸಲ ಬಿಸ್ಕತ್ತಿನ ಕಡೆ ತಿರುಗಿದರು.

“ಯಾಜಿಮಾ ಸೆನ್ಸೇ!” ಎಂದು ಚೀರಿದಳು ಸಾತ್ಸುಕಿ.

ಯಾಜಿಮಾ ಸೆನ್ಸೇ ಎಂದರೆ ಶಿಶುವಿಹಾರದ ಮುಖ್ಯೋಪಾಧ್ಯಾಯಿನಿ. ನೆತ್ತಿಯ ಮೇಲೆ ತುರುಬು, ದುಂಡು ಕನ್ನಡಕದ ಹಿಂದೆ ಅರೆಮುಚ್ಚಿದ ಕಣ್ಣು, ಇಳಿಬಿಟ್ಟ ಬಾಯಿ, ಗಲ್ಲದ ಎಡಗಡೆ ಮಚ್ಚೆ. ಮೂವತ್ತು ವರ್ಷದಿಂದ ಶಿಶುವಿಹಾರ ನಡೆಸುತ್ತಿದ್ದಾರೆ. ಮಗುವಿನ ಕರ್ಚೀಫಿನ ಮೇಲೆ ಹೆಸರು ಹೊಲಿಯದೆ ಕಳಿಸಿದರೆ ಅಮ್ಮಂದಿರನ್ನೇ ಕರೆಸಿ ನಿಲ್ಲಿಸುವವರು. ಊರಿನ ಅರ್ಧ ಜನ ಚಿಕ್ಕಂದಿನಲ್ಲಿ ಅವರ ಕೈಲಿ ಬೈಸಿಕೊಂಡವರೇ. ಪುರಸಭೆಯ ದೊಡ್ಡ ಅಧಿಕಾರಿಗಳೂ ರಸ್ತೆಯಲ್ಲಿ ಅವರನ್ನು ಕಂಡರೆ ಜೇಬಿನಿಂದ ಕೈ ತೆಗೆಯುತ್ತಿದ್ದರು.

ಸಾತ್ಸುಕಿ ಫ್ರಿಜ್ಜಿಗೆ ಒರಗಿಕೊಂಡು ನಕ್ಕಳು. ಹಾಗೇ ಜಾರಿ ನೆಲದ ಮೇಲೆ ಕೂತು ನಕ್ಕಳು. “ಅಸಲಿಗಿಂತ ನಕಲೇ ಸ್ವಲ್ಪ ನಗ್ತಾ ಇದೆ ರೀ!” ಎಂದು ಕಣ್ಣೊರೆಸಿಕೊಂಡಳು.

“ನಗಬೇಡ! ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಇವನ್ನ ಅವರೆದುರಿಗೇ ಹರಡಬೇಕು!” ಮೊರಿಹಿಸ ಒಂದು ಬಿಸ್ಕತ್ತು ಎತ್ತಿಕೊಂಡ. “ಮುರಿದುಬಿಡೋಣ. ಚೂರು ಬಿಸ್ಕತ್ತು ಅಂತ ಹೇಳಿದ್ರಾಯ್ತು.”

“ಹೆಡ್ ಮೇಡಂನ ಚೂರು ಚೂರು ಮಾಡಿ ಪೊಟ್ಟಣ ಕಟ್ಟಿ ಕೊಡ್ತೀರಾ? ಅದು ಇನ್ನೂ ಚೆನ್ನಾಗಿರುತ್ತೆ.”

ಒಂದನ್ನು ಮುರಿದೂ ನೋಡಿದ. ತುರುಬು ಒಂದು ಕಡೆ, ಮಚ್ಚೆ ಒಂದು ಕಡೆ ಆಗಿ, ಎರಡೂ ಚೂರು ಅವನನ್ನೇ ದೂರುವಂತೆ ಕಂಡವು. ಗಾಬರಿಯಿಂದ ಬಾಯಿಗೆ ಹಾಕಿಕೊಂಡ. ರುಚಿ ಚೆನ್ನಾಗಿತ್ತು. ಅದೊಂದು ವಿಚಿತ್ರ. ಕರಗಿದ ಬೆಣ್ಣೆಯಿಂದಲೋ ಏನೋ, ಬಿಸ್ಕತ್ತು ಗರಿಗರಿಯಾಗಿ ನಾಲಿಗೆಯ ಮೇಲೆ ಪುಡಿಯಾಗುತ್ತಿತ್ತು. ಇನ್ನೊಂದು ತಿಂದ.

ಇರೊಹಾ ಎದುರು ನಿಂತು ಕೇಳಿದಳು, “ಕುಮಪ್ಪಿ ಎಲ್ಲಿ ಅಪ್ಪಾ?”

ಈ ಪ್ರಶ್ನೆಗೆ ಸಾತ್ಸುಕಿಯ ನಗುವೂ ನಿಂತಿತು. ಮೊರಿಹಿಸ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತ. ಏನಾದರೂ ಹೇಳಬೇಕಿತ್ತು. ತಲೆಯೊಳಗೆ ಸಿಕ್ಕಿದ್ದನ್ನು ಹೇಳಿಬಿಟ್ಟ. “ಇದು... ಕುಮಪ್ಪಿಯ ಅಜ್ಜಿ.”

ಇರೊಹಾ ಅಪ್ಪನನ್ನೂ ಬಿಸ್ಕತ್ತನ್ನೂ ನೋಡಿ ಏನೂ ಹೇಳದೆ ಹೋದಳು. ಆ ಮೌನ ಶಿಶುವಿಹಾರದ ಮೌನದ ಹಾಗೇ ಇತ್ತು. ಮೊರಿಹಿಸ ಎತ್ತಿಕೊಂಡಿದ್ದ ಮೂರನೆಯ ಬಿಸ್ಕತ್ತನ್ನು ಮರಳಿ ಮೇಜಿನ ಮೇಲಿಟ್ಟ.

ಭಾನುವಾರ ಹತ್ತಕ್ಕೆ ಸಂತೆ ಶುರುವಾಯಿತು. ಮೊರಿಹಿಸ ತನ್ನ ಮೇಜನ್ನು ಸಭಾಂಗಣದ ಕಂಬದ ಹಿಂದಕ್ಕೆ ಸರಿಸಿಕೊಂಡ. ಎರಡೆರಡು ಬಿಸ್ಕತ್ತಿನ ಪೊಟ್ಟಣಗಳ ಮುಂದೆ ‘ಕುಮಪ್ಪಿಯ ಅಜ್ಜಿ’ ಎಂದು ದಪ್ಪಕ್ಷರದ ಚೀಟಿ. ಅದು ಸಾತ್ಸುಕಿಗೆ ಹಿಡಿಸಿರಲಿಲ್ಲ, ಆದರೆ ಅವಳಿಗೂ ಬೇರೆ ಉಪಾಯ ಹೊಳೆದಿರಲಿಲ್ಲ. ಇರೊಹಾ ಮೇಜಿನ ಪಕ್ಕ ತಲೆ ತಗ್ಗಿಸಿ ನಿಂತಿದ್ದಳು.

ಕಾಹೊ ಎಂಬ ಹುಡುಗಿ ಮೊದಲು ಬಂದಳು. ಪೊಟ್ಟಣ ಎತ್ತಿ ನೋಡಿದಳು. ತಿರುಗಿಸಿ ನೋಡಿದಳು. ಉಸಿರು ತುಂಬಿಕೊಂಡು ಕಟ್ಟಡವೆಲ್ಲ ಕೇಳುವ ಹಾಗೆ ಕೂಗಿದಳು:

“ಯಾಜಿಮಾ ಸೆನ್ಸೇ ಬಿಸ್ಕತ್ತೂ!”

ಸಂತೆಯೇ ಕಂಬದ ಹಿಂದಕ್ಕೆ ಬಂತು. ಮಕ್ಕಳು ಮೇಜಿನ ಕೆಳಗಿನಿಂದ ತಲೆ ತೂರಿಸಿದರು. ಅಮ್ಮಂದಿರು ಬಾಯಿಗೆ ಕೈ ಅಡ್ಡ ಹಿಡಿದು ಭುಜ ಕುಣಿಸಿದರು. ಒಬ್ಬ ಅಜ್ಜ ಮಾತ್ರ, “ನನ್ನ ಮಗನಿಗೆ ಬೈತಿದ್ದಾಗ ಇದೇ ಮುಖ” ಎಂದು ಗಂಭೀರವಾಗಿ ಸಾಕ್ಷಿ ಹೇಳಿದ. ಅಷ್ಟರಲ್ಲಿ ನಗು ಹಿಂದಿನಿಂದ ಆರತೊಡಗಿತು. ಜನ ಎರಡು ಪಾಲಾಗಿ ದಾರಿ ಬಿಟ್ಟರು. ದಾರಿಯ ಕೊನೆಯಲ್ಲಿ ತುರುಬು, ಕನ್ನಡಕ, ಮಚ್ಚೆ.

ಯಾಜಿಮಾ ಸೆನ್ಸೇ ಮೇಜಿನ ಮುಂದೆ ನಿಂತರು. ಚೀಟಿ ಓದಿದರು. “ಕುಮಪ್ಪಿಯ ಅಜ್ಜಿ” ಎಂದು ಗಟ್ಟಿಯಾಗಿ ಇನ್ನೊಮ್ಮೆ ಓದಿದರು. ಬಿಸ್ಕತ್ತನ್ನು ಬೆಳಕಿಗೆ ಹಿಡಿದು ನೋಡಿದರು. ಮೊರಿಹಿಸನಿಗೆ ಆ ನೋಟ ಚೆನ್ನಾಗಿ ಗೊತ್ತಿತ್ತು. ಅದು ಕೆಂಪು ಮುದ್ರೆ ಹುಡುಕುವವರ ನೋಟ.

“ಇದನ್ನ ಯಾರು ಮಾಡಿದ್ದು?”

ಮೊರಿಹಿಸ ಬಾಯಿ ತೆರೆದ. ಹಾಡು ಹೇಳಿಸಿದಾಗ ಇರೊಹಾಳಿಗೆ ಆಗುತ್ತಿದ್ದದ್ದೇ ಅವನಿಗೂ ಆಯಿತು, ದನಿ ಬರಲಿಲ್ಲ.

“ನಮ್ಮಪ್ಪ ಮಾಡಿದ್ದು.”

ಎಲ್ಲರೂ ಕೆಳಗೆ ನೋಡಿದರು. ಇರೊಹಾ ತಲೆ ಎತ್ತಿದ್ದಳು. ಅಪ್ಪನ ಕಾಲಿನ ಮುಂದೆ ಬಂದು ನಿಂತಿದ್ದಳು, ಅವನನ್ನು ಕಾಯುವವಳ ಹಾಗೆ.

“ನಮ್ಮಪ್ಪ ಬೇಕಂತ ಮಾಡಿದ್ದಲ್ಲ ಸೆನ್ಸೇ. ಕರಡಿ ಮಾಡಕ್ಕೆ ಹೋಗಿದ್ದು. ಬೆಣ್ಣೇನ ಕೊತಾತ್ಸು ಒಳಗೆ ಇಟ್ಟು ಅಪ್ಪ ನಿದ್ದೆ ಮಾಡಿದ್ರು. ಗೊರಕೆ ಹೊಡೆದ್ರು. ಆಮೇಲೆ ಕಾಗೆ ಬಂತು ಅಂತ ಉಪ್ಪಿನಕಾಯಿ ಕಲ್ಲು ಇಟ್ರು. ಕರಡಿ ಅಪ್ಪಚ್ಚಿ ಆಗಿ ಸೆನ್ಸೇ ಆಯ್ತು.”

“ಇರೊಹಾ, ಸಾಕಮ್ಮಾ” ಎಂದು ಸಾತ್ಸುಕಿ ಮೆಲ್ಲಗೆ ಅವಳ ಭುಜ ಹಿಡಿದಳು.

ಆದರೆ ನಾಲ್ಕು ತಿಂಗಳ ಮಾತು ಒಳಗೆ ಕೂಡಿಬಿದ್ದಿತ್ತು. ಈಗ ತೂಬು ಎತ್ತಿದ ಹಾಗಾಗಿತ್ತು.

“ಅಮ್ಮ ನಕ್ಕು ನಕ್ಕು ನೆಲದ ಮೇಲೆ ಕೂತಳು. ‘ಅಸಲಿಗಿಂತ ನಕಲೇ ಸ್ವಲ್ಪ ನಗ್ತಾ ಇದೆ’ ಅಂದಳು.”

ಸಾತ್ಸುಕಿಯ ಕೈ ಮಗಳ ಭುಜದ ಮೇಲೆ ಹಾಗೇ ಕಲ್ಲಾಯಿತು.

“ಅಪ್ಪ ಚಾಕು ತಗೊಂಡು ಸೆನ್ಸೇ ಮಚ್ಚೆ ಕೆರೆದ್ರು, ಹೋಗ್ಲಿಲ್ಲ. ಆಮೇಲೆ ಸೆನ್ಸೇನ ಮುರಿದ್ರು. ಮುರಿದು ತಿಂದುಬಿಟ್ರು. ಆಮೇಲೆ ಇನ್ನೊಂದು ಸೆನ್ಸೇನೂ ತಿಂದ್ರು.” ಇರೊಹಾ ಉಸಿರು ತೆಗೆದುಕೊಂಡಳು. “ಮತ್ತೆ ಅದು ಮಚ್ಚೆ ಅಲ್ಲ. ಅದು ಹಾವು. ನಾನು ಮಾಡಿದ್ದು. ಹೊರಗಡೆ ಚಳಿ ಇತ್ತಲ್ಲ, ಅದಕ್ಕೇ ಅಪ್ಪ ಪ್ಲಾಸ್ಟಿಕ್ ತರೋಕೆ ಹೋದಾಗ ಒಳಗಡೆ ಮಲಗಿಸಿದೆ. ಉದ್ದಕ್ಕೂ ಮಲಗಿದೆ.”

“ಹಾವಾ? ಎಲ್ಲಿ, ಎಲ್ಲಿ?” ಎಂದು ಕಾಹೊ ನುಗ್ಗಿದಳು. “ನನಗೂ ತೋರಿಸು ಇರೊಹಾ!” ಎಂದು ಇನ್ನೂ ನಾಲ್ಕು ಜನ ನುಗ್ಗಿದರು. ಇರೊಹಾ ಬೆರಳಿಟ್ಟು ತೋರಿಸತೊಡಗಿದಳು. ಎಲ್ಲ ಬಿಸ್ಕತ್ತಿನಲ್ಲೂ ಒಂದೊಂದು ತುಂಡು ಹಾವಿದೆ, ಎಲ್ಲ ಸೇರಿಸಿದರೆ ಪೂರ್ತಿ ಹಾವು ಎಂದು ವಿವರಿಸುತ್ತಿದ್ದಳು. ಹಿಂದೆ ನಿಂತಿದ್ದ ಮೊಮೊಸೆ ಸೆನ್ಸೇ ಅಳುತ್ತಿದ್ದಳೋ ನಗುತ್ತಿದ್ದಳೋ, ಹೇಳುವ ಹಾಗಿರಲಿಲ್ಲ.

ಮೊರಿಹಿಸ ಸೊಂಟವನ್ನು ಸರಿಯಾಗಿ ತೊಂಬತ್ತು ಡಿಗ್ರಿ ಬಗ್ಗಿಸಿ ನಿಂತ. ಅವನು ಆ ಎರಡು ದಿನದಲ್ಲಿ ಸರಿಯಾಗಿ ಸಾಧಿಸಿದ ಅಳತೆ ಅದೊಂದೇ.

“ಕ್ಷಮಿಸಬೇಕು ಸೆನ್ಸೇ. ದಯವಿಟ್ಟು ಕ್ಷಮಿಸಬೇಕು.”

ಯಾಜಿಮಾ ಸೆನ್ಸೇ ತಮ್ಮ ಮಚ್ಚೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಆಮೇಲೆ ಬಿಸ್ಕತ್ತನ್ನು ತುರುಬಿನ ಕಡೆಯಿಂದ ಕಚ್ಚಿದರು. ಅಗಿದರು. ಇಡೀ ಸಭಾಂಗಣ ಆ ಅಗಿಯುವ ಸದ್ದನ್ನೇ ಕೇಳಿಸಿಕೊಂಡಿತು.

“ಹನಾವೊಕ ಅವರೇ, ತಲೆ ಎತ್ತಿ. ಹತ್ತು ಪೊಟ್ಟಣ ಕಟ್ಟಿಕೊಡಿ.”

“ಹತ್ತು... ಹತ್ತಾ ಸೆನ್ಸೇ?”

“ಮನೇಲಿ ನಮ್ಮ ಯಜಮಾನರಿದ್ದಾರೆ. ನಲವತ್ತು ವರ್ಷದಿಂದ ನನ್ನ ತಲೆ ತಿಂತಾ ಬಂದಿದ್ದಾರೆ. ಇವತ್ತು ಹಲ್ಲಿಟ್ಟು ತಿನ್ನಲಿ.”

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಆಗ ಯಾಜಿಮಾ ಸೆನ್ಸೇಯ ಬಾಯಿಯ ಎರಡು ತುದಿಗಳೂ, ಕೂದಲೆಳೆಯಷ್ಟು, ಮೇಲಕ್ಕೆ ಹೋದದ್ದನ್ನು ಮೊರಿಹಿಸ ಕಂಡ. ಅಷ್ಟು ಸಣ್ಣ ವ್ಯತ್ಯಾಸ ಹಿಡಿಯುವ ಕಣ್ಣು ಅಲ್ಲಿ ಅವನೊಬ್ಬನಿಗೇ ಇದ್ದದ್ದು. ಅರ್ಧ ಗಂಟೆಯಲ್ಲಿ ಪೊಟ್ಟಣವೆಲ್ಲ ಖಾಲಿಯಾಯಿತು. ಇರೊಹಾ ಕಾಹೊಳ ಕೈ ಹಿಡಿದುಕೊಂಡು ಮೊಲದ ಗೂಡಿನ ಕಡೆ ಓಡಿದಳು. ಹೋಗುತ್ತ ಹೋಗುತ್ತ ಮಾತಾಡುತ್ತಲೇ ಇದ್ದಳು.

ಮನೆಗೆ ಬಂದ ಮೇಲೆ ಮೊರಿಹಿಸನಿಗೆ ಮತ್ತೆ ಸ್ವಲ್ಪ ಜೀವ ಬಂತು. “ಏನೇ ಆಗಲಿ, ಮಗು ಬಾಯಿ ಬಿಟ್ಟಳಲ್ಲ. ನನ್ನ ಲೆಕ್ಕ ತಪ್ಪಲಿಲ್ಲ ನೋಡು” ಎಂದ. ಸಾತ್ಸುಕಿ ಅವನ ಕಡೆ ನೋಡಲೂ ಇಲ್ಲ.

ಸೋಮವಾರ ಸಂಜೆ ಅವನು ಕೆಲಸದಿಂದ ಬಂದಾಗ, ಶಿಶುವಿಹಾರದವರು ಮನೆಗೆ ಬರೆದು ಕಳಿಸುವ ಪುಸ್ತಕವನ್ನು ಸಾತ್ಸುಕಿ ತೆರೆದಿಟ್ಟುಕೊಂಡು ಕೂತಿದ್ದಳು. ಮೊಮೊಸೆ ಸೆನ್ಸೇಯ ಮುದ್ದಾದ ಅಕ್ಷರ ಒಂದು ಪುಟ ತುಂಬಿ ಮುಂದಿನ ಪುಟಕ್ಕೂ ಹರಿದಿತ್ತು. ಸಾತ್ಸುಕಿ ಗಟ್ಟಿಯಾಗಿ ಓದಿದಳು.

“‘ಇರೊಹಾ ಇಂದು ಬೆಳಗಿನಿಂದ ಬಹಳ ಚೆನ್ನಾಗಿ ಮಾತಾಡಿದಳು. ಅಪ್ಪನವರು ಸ್ನಾನದ ತೊಟ್ಟಿಯಲ್ಲಿ ಕೂತು ಹಾಡುವ ಹಾಡನ್ನು ಮಕ್ಕಳಿಗೆಲ್ಲ ಕಲಿಸಿದಳು. ಅವರು ಕನ್ನಡಿಯ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವುದನ್ನು ಅಭಿನಯಿಸಿ ತೋರಿಸಿದಳು. ಬಡ್ತಿ ಸಿಗದ ದಿನ ಅವರು ಹೆದರಿದ ಬೆಕ್ಕಿನ ಹಾಗೆ ಮುದುಡಿಕೊಂಡು ಮಲಗಿದ್ದನ್ನು ಕೇಳಿ ನಮಗೆಲ್ಲ ಮರುಕವಾಯಿತು. ದಯವಿಟ್ಟು ಅವರಿಗೆ ಧೈರ್ಯ ಹೇಳಿ.’”

ಮೊರಿಹಿಸ ಕೊತಾತ್ಸುವಿನ ರಜಾಯಿಯನ್ನು ಗಲ್ಲದವರೆಗೆ ಎಳೆದುಕೊಂಡ.

“ಎಲ್ಲಾ ಹೇಳಿಬಿಟ್ಯೇನೇ?” ಎಂದು ಸಾತ್ಸುಕಿ ನಗು ತಡೆಯಲಾರದೆ ಮಗಳನ್ನು ಕೇಳಿದಳು.

“ಎಲ್ಲಾ ಎಲ್ಲಿ ಆಯ್ತು?” ಎಂದಳು ಇರೊಹಾ, ಕಿತ್ತಳೆ ಹಣ್ಣಿನ ಸಿಪ್ಪೆ ಸುಲಿಯುತ್ತ. “ಇವತ್ತು ಅಪ್ಪಂದು ಮುಗೀತು ಅಷ್ಟೇ. ನಾಳೆ ಅಮ್ಮಂದು.”